ಗದ್ದೆಗೆ ಹೋದವರ ಫೋನುಗಳು

ನಮ್ಮ ಕಾಲೇಜಿನಲ್ಲಿ ಪ್ರಾಂಶುಪಾಲರ ಮೇಜಿನ ಪಕ್ಕ ಬೀಗ ಹಾಕುವ ಒಂದು ಮರದ ಪೆಟ್ಟಿಗೆ ಇತ್ತು. ತರಗತಿಯಲ್ಲಿ ಯಾರ ಕೈಯಲ್ಲಾದರೂ ಮೊಬೈಲು ಕಂಡರೆ ಅದು ಆ ಪೆಟ್ಟಿಗೆ ಸೇರುತ್ತಿತ್ತು; ಬಿಡಿಸಿಕೊಂಡು ಹೋಗಲು ಮನೆಯ ಹಿರಿಯರು ಬಂದು ಸಹಿ ಹಾಕಬೇಕಿತ್ತು. ನಾನು ಶ್ರೀರಂಗಪಟ್ಟಣದ ಗಂಜಾಂನಿಂದ ಹೊರಟು, ಪಾಂಡವಪುರದಲ್ಲಿ ಬಸ್ಸು ಬದಲಿಸಿ, ಕೆ.ಆರ್. ಪೇಟೆ ಕಡೆಯ ಆ ಕಾಲೇಜಿಗೆ ರಾಜ್ಯಶಾಸ್ತ್ರ ಕಲಿಸಲು ಹೋಗತೊಡಗಿ ಅದು ಮೂರನೆಯ ವರ್ಷ. ಆ ಪೆಟ್ಟಿಗೆ ಕಣ್ಣಿಗೆ ಬಿದ್ದಾಗಲೆಲ್ಲ ಅದರ ವಿರುದ್ಧ ವಾದ ಹೂಡುವ ಹುಮ್ಮಸ್ಸು ನನ್ನಲ್ಲಿ ಏಳುತ್ತಿತ್ತು.

ವಾದ ನನಗೆ ಹೊಸದಲ್ಲ. ಪದವಿ ಓದುವ ಕಾಲದಲ್ಲಿ ಚರ್ಚಾಸ್ಪರ್ಧೆ ಎಲ್ಲಿ ನಡೆದರೂ ಅಲ್ಲಿ ನಾನಿರುತ್ತಿದ್ದೆ. ಒಂದು ವಾರ ಯಾವ ವಿಷಯದ ಪರ ಮಾತಾಡಿ ಗೆದ್ದಿದ್ದೆನೋ ಮರುವಾರ ಅದರ ವಿರೋಧವಾಗಿ ಮಾತಾಡಿಯೂ ಗೆದ್ದದ್ದುಂಟು. ಆದರೆ ಪಾಠ ಮಾಡಲು ನಿಂತ ಮೇಲೆ ಆ ಸ್ಪರ್ಧೆಗಳ ಕೊರತೆಯೊಂದು ನನಗೆ ತಿಳಿಯಿತು. ವೇದಿಕೆಯ ಮೇಲೆ ಇಬ್ಬರು ಮಾತಾಡುತ್ತಾರೆ, ಕೆಳಗಿನವರು ಚಪ್ಪಾಳೆ ತಟ್ಟುತ್ತಾರೆ. ನನ್ನ ತರಗತಿಯೂ ಹಾಗೆಯೇ ಇತ್ತು. ಉದ್ದನೆಯ ಹಜಾರದಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ. ಪ್ರಶ್ನೆ ಕೇಳಿದರೆ ಏಳುತ್ತಿದ್ದದ್ದು ಅದೇ ನಾಲ್ಕು ಕೈ. ಉಳಿದವರಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಹೇಳಲು ಅಂಜಿಕೆಯೋ ತಿಳಿಯುವ ದಾರಿಯಿರಲಿಲ್ಲ.

ಆ ದಾರಿ ಮೊಬೈಲಿನ ಆ್ಯಪಿನಲ್ಲಿದೆ ಎಂದು ನಾನು ನಂಬಿದೆ. ಪ್ರಶ್ನೆಯೂ ಅದರ ಕೆಳಗೆ ನಾಲ್ಕು ಉತ್ತರಗಳೂ ಗೋಡೆಯ ಪರದೆಯ ಮೇಲೆ ಮೂಡುತ್ತವೆ. ಪ್ರತಿಯೊಬ್ಬರೂ ತಮ್ಮ ಫೋನಿನಲ್ಲಿ ಒಂದನ್ನು ಒತ್ತುತ್ತಾರೆ. ಯಾವ ಉತ್ತರಕ್ಕೆ ಎಷ್ಟು ಜನ ಎಂಬುದು ಕಂಬಗಳಾಗಿ ಎಲ್ಲರೆದುರು ಏಳುತ್ತದೆ. ಯಾರು ಏನು ಒತ್ತಿದರೆಂಬ ಪಟ್ಟಿ ಮಾತ್ರ ನನ್ನೊಬ್ಬಳ ಬಳಿ ಉಳಿಯುತ್ತದೆ. ಈ ಆ್ಯಪನ್ನು ಒಂದು ಸೆಮಿಸ್ಟರ್ ಬಳಸಲು ಅನುಮತಿ ಕೋರಿ ಪ್ರಾಂಶುಪಾಲರ ಮುಂದೆ ನಿಂತೆ. ಅವರು ನಾಗಮಂಗಲದವರು, ನಿವೃತ್ತಿಗೆ ಹತ್ತಿರವಾದವರು, ಯಾವ ಕಾಗದವನ್ನೂ ಎರಡು ಸಲ ಓದದೆ ಕೆಳಗಿಡದವರು.

ನನ್ನ ಮನವಿಯ ಹಿಂದೆ ನಾನೇ ಬರೆದ ನಿಯಮಗಳ ಹಾಳೆಯೂ ಇತ್ತು. ಅವರ ಬೆರಳು ಮೂರನೆಯ ನಿಯಮದ ಮೇಲೆ ನಿಂತಿತು. ಇನ್ನೊಬ್ಬರ ಪರವಾಗಿ ಉತ್ತರ ಒತ್ತಿದವರಿಗೂ ಒತ್ತಿಸಿಕೊಂಡವರಿಗೂ ಈ ಪತ್ರಿಕೆಯ ಆಂತರಿಕ ಅಂಕ ಸೊನ್ನೆ ಎಂದು ಅಲ್ಲಿ ಬರೆದಿದ್ದೆ.

“ಸೊನ್ನೆ ಯಾಕಮ್ಮ? ಒಂದೆರಡು ಅಂಕ ಕಡಿಮೆ ಮಾಡಿದ್ರೆ ಸಾಲ್ದಾ?”

“ನಿಯಮ ಗಟ್ಟಿಯಾಗಿರಬೇಕು ಸಾರ್. ಇಲ್ಲದಿದ್ದರೆ ಬಳಕೆ ಯಾವುದು, ದುರ್ಬಳಕೆ ಯಾವುದು ಅಂತ ವ್ಯತ್ಯಾಸವೇ ಉಳಿಯೋದಿಲ್ಲ.”

“ಗಟ್ಟಿ ಹೊಸ್ಲು ಹಾಕ್ಸಿದೋರೇ ಮೊದ್ಲು ಎಡವೋದು ಕಣಮ್ಮ,” ಎಂದು ಅವರು ಸಹಿ ಮಾಡಿದರು. “ಆಗ್ಲಿ. ಆದ್ರೆ ಒಂದೇ ಒಂದು ದೂರು ಬಂದ್ರೂ ಎಲ್ಲಾ ಫೋನೂ ಮತ್ತೆ ಪೆಟ್ಟಿಗೆಗೆ.”

ಮೊದಲ ದಿನ ನಾನು ಕೇಳಿದ್ದು ಸರಳ ಪ್ರಶ್ನೆ: ಗ್ರಾಮಸಭೆಯ ಸದಸ್ಯರು ಯಾರು? ಗೋಡೆಯ ಮೇಲೆ ಅತಿ ಎತ್ತರದ ಕಂಬ ಎದ್ದದ್ದು ‘ಗೆದ್ದ ಪಂಚಾಯಿತಿ ಸದಸ್ಯರು’ ಎಂಬ ತಪ್ಪು ಉತ್ತರಕ್ಕೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಊರಿನ ಪ್ರತಿಯೊಬ್ಬರೂ ಸದಸ್ಯರೇ ಎಂದು ನಾನು ಹೇಳಿದಾಗ ಹಜಾರದಲ್ಲಿ ಗುಜುಗುಜು ಎದ್ದಿತು. “ಅಂಗಾದ್ರೆ ನಾನೂ ಮೆಂಬರೇನ್ಲಾ!” ಎಂದು ಹಿಂದಿನ ಬೆಂಚಿನವನೊಬ್ಬ ಪಕ್ಕದವನ ಬೆನ್ನಿಗೆ ಗುದ್ದಿದ. ತಪ್ಪಿದ್ದು ತಾನೊಬ್ಬನೇ ಅಲ್ಲ ಎಂದು ಕಣ್ಣಾರೆ ಕಂಡ ಮೇಲೆ ಅವರ ನಾಚಿಕೆ ಅರ್ಧಕ್ಕರ್ಧ ಕರಗಿಹೋಯಿತು. ಜೂನ್ ಕಳೆದು ಜುಲೈ ಮುಗಿಯುವಷ್ಟರಲ್ಲಿ ನಾನು ಕೇಳುವ ಮುನ್ನವೇ ಅವರೇ ಪ್ರಶ್ನೆ ಕೇಳತೊಡಗಿದ್ದರು. ಸಂಜೆಯ ಬಸ್ಸಿನಲ್ಲಿ ಬರುವಾಗ ನನ್ನಷ್ಟು ತೃಪ್ತಿಯ ಮನುಷ್ಯರು ಬೇರೊಬ್ಬರಿರಲಿಲ್ಲ.

ಆ ತೃಪ್ತಿಯ ಭರದಲ್ಲಿ ನಾನು ಎರಡು ಕೆಲಸ ಮಾಡಿದೆ. ಹೊರಗಿನಿಂದ ಯಾರೂ ಉತ್ತರ ಒತ್ತಬಾರದೆಂದು, ಕಾಲೇಜಿನ ವೈ-ಫೈ ಸಿಗುವ ಜಾಗದಲ್ಲಿ ಮಾತ್ರ ಆ್ಯಪು ತೆರೆಯುವಂತೆ ವ್ಯವಸ್ಥೆ ಮಾಡಿದೆ. ಹಾಗಾದ ಮೇಲೆ ಉತ್ತರ ಬಂತೆಂದರೆ ವಿದ್ಯಾರ್ಥಿ ಬಂದಂತೆಯೇ ಅಲ್ಲವೇ ಎಂದುಕೊಂಡು ಹಾಜರಿ ಕೂಗುವುದನ್ನು ನಿಲ್ಲಿಸಿದೆ. ದಿನಕ್ಕೆ ಹತ್ತು ನಿಮಿಷ ಉಳಿಯಿತೆಂದು ಹೆಮ್ಮೆಪಟ್ಟೆ. ನನ್ನ ತರ್ಕದಲ್ಲಿ ಬಿರುಕಿಲ್ಲವೆಂಬ ಭರವಸೆ ಎಷ್ಟಿತ್ತೆಂದರೆ, ಪಾಠದ ಉದ್ದಕ್ಕೂ ಪಟ್ಟಿಯನ್ನು ನೋಡುತ್ತಿದ್ದೆನೇ ಹೊರತು ಬೆಂಚುಗಳನ್ನು ನೋಡುತ್ತಿರಲಿಲ್ಲ.

ಹುಡುಗಿಯರ ಸಾಲಿನ ಮೂರನೆಯ ಬೆಂಚಿನಲ್ಲಿ ಕಿಕ್ಕೇರಿ ಕಡೆಯ ಹಳ್ಳಿಯೊಂದರ ಹುಡುಗಿ ಕೂರುತ್ತಿದ್ದಳು. ಆ ಊರಿನಿಂದ ಆರು ಮಂದಿ ನಮ್ಮ ತರಗತಿಗೆ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು. ಅವರಲ್ಲಿ ಇವಳೇ ಚುರುಕು. ಬಿ.ಎಡ್. ಮಾಡಿ ತನ್ನ ಹೋಬಳಿಯ ಹೈಸ್ಕೂಲಿನಲ್ಲೇ ಮೇಡಂ ಆಗಬೇಕೆಂಬುದು ಅವಳ ಆಸೆ. ಬಿ.ಎಡ್. ಸೀಟು ಸಿಗುವುದು ಪದವಿಯ ಅಂಕಗಳ ಮೇಲೆ. ಆಂತರಿಕ ಅಂಕ ಎಷ್ಟು ಬಂದಿದೆಯೆಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳುವ ಅಭ್ಯಾಸ ಅವಳಿಗೆ ಮೊದಲ ಸೆಮಿಸ್ಟರಿನಿಂದಲೂ ಇತ್ತು.

ಆಗಸ್ಟಿನಲ್ಲಿ ನಾಲೆಗೆ ನೀರು ಬಂತು. ಬಸ್ಸಿನ ಎರಡೂ ಬದಿ ಗದ್ದೆಗಳಲ್ಲಿ ಬಾಗಿದ ಬೆನ್ನುಗಳ ಸಾಲು. ನನ್ನ ಪಟ್ಟಿಯಲ್ಲಿ ಮಾತ್ರ ಹಾಜರಿ ಒಂದಿಷ್ಟೂ ಇಳಿಯಲಿಲ್ಲ. ನಾಟಿಯ ದಿನಗಳಲ್ಲಿ ಹಳ್ಳಿಯ ಕಾಲೇಜು ಖಾಲಿ ಹೊಡೆಯುತ್ತದೆ ಎಂಬ ಮಾತನ್ನು ನನ್ನ ಆ್ಯಪು ಸುಳ್ಳುಮಾಡಿತೆಂದು ಸಹೋದ್ಯೋಗಿಗಳಿಗೆ ಹೇಳಿಕೊಂಡು ತಿರುಗಿದೆ.

ಆ ಪಟ್ಟಿಯಲ್ಲಿ ಒಬ್ಬ ಹುಡುಗ ನನ್ನನ್ನು ಕಾಡುತ್ತಿದ್ದ. ಅವನೂ ಆ ಆರು ಮಂದಿಯಲ್ಲೊಬ್ಬ. ಉಳಿದುದೆಲ್ಲ ಸರಿ ಒತ್ತುತ್ತಿದ್ದವನು ಮೂಲಭೂತ ಹಕ್ಕುಗಳನ್ನೂ ರಾಜ್ಯ ನಿರ್ದೇಶಕ ತತ್ವಗಳನ್ನೂ ಮಾತ್ರ ಪ್ರತಿ ಸಲ ಅದಲು ಬದಲು ಮಾಡುತ್ತಿದ್ದ. ಅಂದು ಮೂರನೆಯ ಬಾರಿ ಅದೇ ತಪ್ಪು ಕಂಡಾಗ, ಇವನಿಗೆ ಎದುರೆದುರೇ ಬಿಡಿಸಿ ಹೇಳೋಣವೆಂದು ಹೆಸರು ಹಿಡಿದು ಕರೆದೆ. ಯಾರೂ ಏಳಲಿಲ್ಲ. ಮತ್ತೊಮ್ಮೆ ಕರೆದೆ. ಆಗ ಹುಡುಗಿಯರ ಮೂರನೆಯ ಬೆಂಚಿನಿಂದ ಒಂದು ಹುಂಜ ಕೂಗಿತು.

ಅದು ಫೋನಿನ ಕೂಗು. ಆ ಹುಡುಗಿ ಚೀಲಕ್ಕೆ ಕೈ ತೂರಿ ತಡಕಾಡುತ್ತಿದ್ದಳು, ಹುಂಜ ನಿಲ್ಲಲಿಲ್ಲ. ನಾನು ಹತ್ತಿರ ಹೋಗಿ ಕೈ ಚಾಚಿದೆ. ಕರೆಯನ್ನು ನಿಲ್ಲಿಸಲು ಹೋಗಿ ನಾನು ಒತ್ತಿದ್ದು ಬೇರೇನನ್ನೋ. ಇಡೀ ಹಜಾರಕ್ಕೆ ಕೇಳುವಂತೆ ಗಂಡಸಿನ ದನಿಯೊಂದು ಹೊರಟಿತು.

“ಲೇ, ಎಲ್ಲಿ ಸತ್ತೋದ್ಯಲಾ? ಪೈರಿನ ಕಟ್ಟು ಇನ್ನೂ ಬಂದಿಲ್ಲ, ಎಂಗುಸ್ರು ಗದ್ದೇಲಿ ಸುಮ್ನೆ ನಿಂತವ್ರೆ!”

“ನಾನು ಕಾಲೇಜಿನ ಮೇಡಂ ಮಾತಾಡ್ತಾ ಇರೋದು,” ಎಂದೆ.

ಆ ಕಡೆಯ ದನಿ ಮೆತ್ತಗಾಯಿತು. “ಅಯ್ಯೋ, ಮೇಡಮ್ಮಾರಾ? ಅವ್ನು ಕಾಲೇಜ್ಗೆ ಬಂದ್ಬುಟ್ನಾ? ಈಗ್ಲೇ ಇಲ್ಲೇ ಇದ್ನಲ್ಲವ್ವಾ!”

ಹುಡುಗರ ಸಾಲಿನಿಂದ ಯಾರೋ ಅಂದರು: “ಅವ್ನು ಬಂದಿಲ್ಲ ಮೇಡಂ. ಅವನ ಫೋನ್ ಬಂದೈತೆ!”

ಹಜಾರ ನಗೆಯಲ್ಲಿ ಮುಳುಗಿತು. ನಗದೆ ಉಳಿದವರು ನಾವಿಬ್ಬರೇ, ನಾನು ಮತ್ತು ಆ ಹುಡುಗಿ.

ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನ ಮೇಜಿನ ಮೇಲೆ ಅವಳು ಚೀಲವನ್ನು ಬರಿದು ಮಾಡಿದಳು. ಟವಲಿನಲ್ಲಿ ಸುತ್ತಿದ ಐದು ಫೋನುಗಳು. ಯಾವುದು ಯಾರದೆಂದು ಚೀಟಿ ಅಂಟಿಸಿರಲಿಲ್ಲ. ಮುಟ್ಟಿ ನೋಡಿಯೇ ಹೇಳುತ್ತಿದ್ದಳು. ಹತ್ತು ದಿನದಿಂದ ಐವರ ಫೋನೂ ಬೆಳಗಿನ ಬಸ್ಸಿನಲ್ಲಿ ಅವಳೊಂದಿಗೆ ಬಂದು ಸಂಜೆಯ ಬಸ್ಸಿನಲ್ಲಿ ಊರಿಗೆ ಮರಳುತ್ತಿದ್ದವು. ಪ್ರಶ್ನೆಗೆ ಒಂದು ನಿಮಿಷ. ಆ ನಿಮಿಷದಲ್ಲಿ ಅವಳು ಆರು ಫೋನಿನಲ್ಲೂ ಉತ್ತರ ಒತ್ತುತ್ತಿದ್ದಳು.

“ಇದು ಮುಯ್ಯಾಳು ಮೇಡಂ,” ಎಂದಳು. “ನಾಟಿ ಟೈಮಲ್ಲಿ ಕೂಲಿಯೋರು ಸಿಗಲ್ಲ. ಅವರು ನಮ್ಮ ಗದ್ದೆಗೆ ಬಂದ್ರೆ ನಾವು ಅವರ ಗದ್ದೆಗೆ ಹೋಗ್ಬೇಕು. ನಮ್ಮನೆ ನಾಟಿಗೆ ಅವರೈವರೂ ಬಂದಿದ್ರು. ಈಗ ನಾನು ಹೋಗ್ಬೇಕಿತ್ತು. ಆರು ಜನವೂ ಗದ್ದೇಲಿದ್ರೆ ಪಾಠ ಯಾರಿಗೂ ಇರಲ್ಲ. ಅದಕ್ಕೆ, ನೀನು ಕಾಲೇಜಿಗೆ ಹೋಗಿ ನಮ್ಮ ಕೆಲಸ ಅಲ್ಲಿ ಮಾಡು, ಅದೇ ನಿನ್ನ ಮುಯ್ಯಿ ಅಂದ್ರು.”

“ಅವರಿಗೆ ಪಾಠ ಎಲ್ಲಿ ಬಂತು? ಬರೀ ಉತ್ತರ ಬಂತು.”

“ಸಂಜೆ ಬಸ್ ಇಳಿದ ತಕ್ಷಣ ಅರಳಿಕಟ್ಟೆ ಹತ್ರ ಎಲ್ಲರಿಗೂ ಹೇಳ್ತೀನಿ ಮೇಡಂ. ಹೇಳಿದ್ದನ್ನ ತಿರುಗಿ ಒಪ್ಪಿಸಿದೋರಿಗೆ ಮಾತ್ರ ಫೋನ್ ವಾಪಸ್ಸು.”

ನನಗೆ ನಗು ಬಂತು, ಬಂದದ್ದನ್ನು ತಡೆದುಕೊಂಡೆ. ಆಮೇಲೆ ನೆನಪಾಗಿ ಕೇಳಿದೆ: “ನಿನಗೆ ಸರಿ ಉತ್ತರ ಗೊತ್ತಿತ್ತು. ಅವನ ಫೋನಿನಲ್ಲಿ ಮೂರು ಸಲವೂ ತಪ್ಪು ಯಾಕೆ ಒತ್ತಿದೆ?”

ಅವಳು ನನ್ನನ್ನು ಅಚ್ಚರಿಯಿಂದ ನೋಡಿದಳು. “ಅವನಿಗೆ ಅದು ಬರಲ್ಲ ಮೇಡಂ. ಎಷ್ಟು ಹೇಳಿದ್ರೂ ಉಲ್ಟಾ ಹೊಡೀತಾನೆ. ಸರಿ ಒತ್ತಿದ್ರೆ ಸುಳ್ಳಾಗಲ್ವಾ?”

ಐವರಲ್ಲಿ ಪ್ರತಿಯೊಬ್ಬರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ಅರಿತು, ಅವರವರ ತಪ್ಪನ್ನು ಅವರವರ ಹೆಸರಿಗೇ ಅವಳು ಒಪ್ಪಿಸುತ್ತಿದ್ದಳು. ತಾನು ಮೋಸ ಮಾಡುತ್ತಿದ್ದೇನೆಂಬ ಭಾವನೆ ಅವಳಲ್ಲಿರಲಿಲ್ಲ. ಮೋಸವಾಗದಂತೆ ನೋಡಿಕೊಂಡಿದ್ದೇನೆಂಬ ನಂಬಿಕೆಯಿತ್ತು. ಮೂರನೆಯ ನಿಯಮವನ್ನು ನಾನು ನೆನಪಿಸಿದೆ. ಅದರ ಕೆಳಗೆ ಆರು ಮಂದಿಯ ಸಹಿಯೂ ಇತ್ತು.

“ಪಕ್ಕದೋರದ್ದು ನೋಡಿ ಒತ್ತಬಾರದು ಅಂತಲ್ವಾ ಅದು?” ಎಂದವಳು ನನ್ನ ಮುಖ ನೋಡಿದಳು. ಮೆಲ್ಲಗೆ ಕೇಳಿದಳು: “ಸೊನ್ನೆ ಅಂದ್ರೆ ಪೂರ್ತಿ ಸೊನ್ನೆನಾ ಮೇಡಂ? ಅಂಗಾದ್ರೆ ಬಿ.ಎಡ್. ಸೀಟು...” ಫೋನುಗಳನ್ನು ಮತ್ತೆ ಟವಲಿನಲ್ಲಿ ಸುತ್ತಿಕೊಂಡು ಹೋದಳು.

ಅಂದು ಸಂಜೆ ಪಾಂಡವಪುರದವರೆಗೂ ನಾನು ಎರಡೂ ಪಕ್ಷ ವಹಿಸಿ ವಾದಿಸಿದೆ. ನಿಯಮ ಸ್ಪಷ್ಟವಾಗಿದೆ, ಬರೆದವಳು ನಾನೇ, ಒಬ್ಬಳಿಗಾಗಿ ಸಡಿಲಿಸಿದರೆ ಉಳಿದವರಿಗೆ ಅನ್ಯಾಯ. ಇದು ಪರ. ಐದು ಮಂದಿ ಗದ್ದೆಯಲ್ಲಿದ್ದೂ ಪಾಠ ಕಲಿಯುವಂತೆ ಮಾಡಿದವಳ ಬದುಕಿಗೇ ಕಲ್ಲು ಹಾಕುವುದು ಯಾವ ಸುಧಾರಣೆ? ಇದು ವಿರೋಧ. ಏನೂ ನಡೆದಿಲ್ಲವೆಂಬಂತೆ ಸುಮ್ಮನಿದ್ದುಬಿಡುವ ಮೂರನೆಯ ದಾರಿಯೂ ಇತ್ತು. ನಕ್ಕ ಹುಡುಗರು ಹೊರಗೆ ಹೇಳುವವರಲ್ಲ. ಆದರೆ ಗಂಜಾಂ ತಲುಪುವ ಹೊತ್ತಿಗೆ ಒಂದು ಮಾತು ಖಚಿತವಾಗಿತ್ತು: ಮೊದಲ ತಪ್ಪು ನನ್ನದು. ಹಾಜರಿ ಕೂಗುವುದನ್ನು ನಾನು ನಿಲ್ಲಿಸಿರದಿದ್ದರೆ ಮೊದಲ ದಿನವೇ ಆ ಐದು ಖಾಲಿ ಜಾಗಗಳು ನನಗೆ ಕಾಣುತ್ತಿದ್ದವು.

ಮರುದಿನ ಬೆಳಿಗ್ಗೆ ಪ್ರಾಂಶುಪಾಲರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಂದ್ರೆ ಫೋನು ಪಾಠ ಕೇಳ್ತು, ಹುಡ್ಗ ಪೈರು ಹೊತ್ತ. ನನ್ನ ಪೆಟ್ಟಿಗೇಲೂ ಫೋನಿರ್ತಿದ್ವು ಕಣಮ್ಮ. ನಾನು ಅವಕ್ಕೆ ಹಾಜರಿ ಹಾಕ್ತಿರ್ಲಿಲ್ಲ.”

“ಆ ತಪ್ಪು ನನ್ನದು ಸಾರ್. ಐವರ ಹತ್ತು ದಿನದ ಹಾಜರಿಯನ್ನು ಹೊಡೆದು ಹಾಕುತ್ತೇನೆ. ಆದರೆ ಸೊನ್ನೆಯ ನಿಯಮದ ಬಗ್ಗೆ ನನ್ನದೊಂದು ವಾದವಿದೆ.”

“ನಿಮ್ಮ ನಿಯಮ, ನಿಮ್ದೇ ವಾದ. ಹೇಳಿ.”

ಯಾವ ವೇದಿಕೆಯ ಮೇಲೂ ಅಷ್ಟು ತಡವರಿಸುತ್ತ ನಾನು ಮಾತಾಡಿರಲಿಲ್ಲ. ಪ್ರತಿಯೊಬ್ಬರ ಹೆಸರಿನ ಮುಂದೆ ಅವರವರ ತಿಳಿವಳಿಕೆಯೇ ದಾಖಲಾಗಬೇಕು ಎಂಬುದಷ್ಟೇ ನಿಯಮದ ಉದ್ದೇಶ. ಈ ಹುಡುಗಿ ದಾಖಲಿಸಿದ್ದು ಅದನ್ನೇ ಎಂದೆ. ಅವರು ನನ್ನ ನಿಯಮಗಳ ಹಾಳೆಯನ್ನು ಹುಡುಕಿ ತೆಗೆದು ಎರಡು ಸಲ ಓದಿದರು.

“ಅದು ಅವಳ ಮಾತು. ನಿಜಾನೋ ಸುಳ್ಳೋ ನೋಡ್ಬೇಕಲ್ಲ. ಶನಿವಾರ ಐವರನ್ನೂ ಕರೆಸಿ, ಯಾಕೆ ಅಂತ ಹೇಳ್ಬೇಡಿ. ಅವವೇ ಪ್ರಶ್ನೆ, ಕಾಗದದ ಮೇಲೆ. ಅವಳು ಒತ್ತಿದ್ದಕ್ಕೂ ಇವರು ಬರೆದಿದ್ದಕ್ಕೂ ಹೊಂದಿದ್ರೆ ಹಾಜರಿ ಮಾತ್ರ ಹೋಗ್ಲಿ. ಹೊಂದದಿದ್ರೆ ಆರು ಜನಕ್ಕೂ ಸೊನ್ನೆ. ಒಪ್ಪಿಗೇನಾ?”

ಒಪ್ಪಿದೆ. ಬೇರೆಯವರ ಅಜ್ಞಾನವನ್ನು ಅವಳು ಎಷ್ಟು ಸರಿಯಾಗಿ ಬಲ್ಲಳೆಂಬುದರ ಮೇಲೆ ಈಗ ಅವಳ ಬಿ.ಎಡ್. ನಿಂತಿತ್ತು.

ಶನಿವಾರ ಐವರೂ ಬಂದರು. ಮೂವರು ಹುಡುಗಿಯರು, ಇಬ್ಬರು ಹುಡುಗರು. ಎಷ್ಟು ತೊಳೆದರೂ ಹೋಗದ ಕೆಸರು ಉಗುರಿನ ಸಂದಿಯಲ್ಲಿ. ದೂರ ದೂರ ಕೂತು ಇಪ್ಪತ್ತು ಪ್ರಶ್ನೆಗಳಿಗೆ ಉತ್ತರ ಗುರುತಿಸಿದರು. ಆ ಹುಡುಗಿ ಹೊರಗೆ ವರಾಂಡದ ಕಂಬಕ್ಕೊರಗಿ ನಿಂತಿದ್ದಳು. ಪ್ರಾಂಶುಪಾಲರು ಒಂದು ಕೈಯಲ್ಲಿ ಆ್ಯಪಿನ ಪಟ್ಟಿಯನ್ನೂ ಇನ್ನೊಂದರಲ್ಲಿ ಉತ್ತರದ ಹಾಳೆಯನ್ನೂ ಹಿಡಿದು ಎಂದಿನಂತೆ ಎರಡೆರಡು ಸಲ ನೋಡಿದರು. ಹಣಕಾಸಿನ ಮಸೂದೆಯನ್ನು ರಾಜ್ಯಸಭೆ ಹದಿನಾಲ್ಕು ದಿನ ಮಾತ್ರ ಇಟ್ಟುಕೊಳ್ಳಬಹುದು ಎಂಬಲ್ಲಿ ಒಬ್ಬಳು ಆರು ತಿಂಗಳು ಎಂದು ಗುರುತಿಸಿದ್ದಳು. ಪಟ್ಟಿಯಲ್ಲೂ ಅವಳ ಹೆಸರಿಗೆ ಆರು ತಿಂಗಳೇ ಇತ್ತು. ಪ್ರಾಂಶುಪಾಲರ ಹುಬ್ಬು ಮೇಲೇರಿತು. ನಾಲ್ವರ ಹಾಳೆಗಳು ಹೆಚ್ಚುಕಡಿಮೆ ಹೊಂದಿದವು.

ಐದನೆಯದು ಹುಂಜದ ಫೋನಿನ ಹುಡುಗನದು. ಹಕ್ಕು ಮತ್ತು ತತ್ವಗಳ ಮೂರು ಪ್ರಶ್ನೆಗಳಿಗೂ ಪಟ್ಟಿಯಲ್ಲಿ ತಪ್ಪು. ಹಾಳೆಯಲ್ಲಿ ಮೂರೂ ಸರಿ.

ಪ್ರಾಂಶುಪಾಲರು ಆ ಹುಡುಗಿಯನ್ನು ಒಳಗೆ ಕರೆದು ಎರಡೂ ಕಾಗದವನ್ನು ಅವಳ ಮುಂದಿಟ್ಟರು. “ಇವನಿಗೆ ಇದು ಬರಲ್ಲ ಅಂದಿದ್ಯಂತೆ. ಬಂದೈತಲ್ಲ? ನಿನ್ನ ಲೆಕ್ಕ ತಪ್ಪಿತಲ್ಲಮ್ಮ.”

ಅವಳು ಹಾಳೆಯನ್ನು ನೋಡಿದಳು. ತನ್ನ ಅಂಕದ ಯೋಚನೆ ಅವಳ ಮುಖದಲ್ಲಿ ಕಾಣಲೇ ಇಲ್ಲ. “ಮೂರೂ ಸರಿ ಹಾಕವ್ನೆ!” ಎಂದು ಅವನ ಕಡೆ ತಿರುಗಿದಳು. “ಬಂತೇನೋ ಕೊನೆಗೆ?”

“ಬರ್ದೆ ಏನ್ಮಾಡ್ತದೆ ಸಾರ್?” ಎಂದು ಹುಡುಗ ಪ್ರಾಂಶುಪಾಲರಿಗೇ ದೂರು ಹೇಳಿದ. “ಅಪ್ಪನ್ ಫೋನ್ ಬಂದ್ ದಿನದಿಂದ ಎಲ್ಲಾ ಬುಟ್ಟು ಅದೊಂದ್ನೇ ಕೇಳ್ತವ್ಳೆ. ಎರಡು ದಿನ ನನ್ ಫೋನ್ ಕೊಟ್ಟೇ ಇಲ್ಲ.”

“ಬಾಯಲ್ಲಿ ಹೇಳು ನೋಡಾನ. ಹಕ್ಕಿಗೂ ತತ್ವಕ್ಕೂ ಏನು ವ್ಯತ್ಯಾಸ?”

ಅವನು ತಲೆ ಕೆರೆದುಕೊಂಡ. “ಹಕ್ಕು ಕಿತ್ಕೊಂಡ್ರೆ ಕೋರ್ಟಿಗೆ ಹೋಗ್ಬೋದು ಸಾರ್. ತತ್ವ ಅಂದ್ರೆ ಸರ್ಕಾರ ಮಾಡ್ಬೇಕು, ಮಾಡ್ಲಿಲ್ಲ ಅಂತ ಕೋರ್ಟಿಗೆ ಹೋಗಕ್ಕಾಗಲ್ಲ. ನಮ್ ಸರದಿ ದಿನ ನಾಲೆ ನೀರು ನಮ್ಗೆ ಬರ್ಲೇಬೇಕು, ಅದು ಹಕ್ಕು ಇದ್ದಂಗೆ. ಪಕ್ಕದ್ ಗದ್ದೆಯೋನು ‘ನನ್ದಾದ್ ಮೇಲೆ ಬುಡ್ತೀನಿ, ನೋಡಾನ’ ಅಂತಾನಲ್ಲ, ಅದು ನಿರ್ದೇಶಕ ತತ್ವ.”

ಪ್ರಾಂಶುಪಾಲರು ಕಾಗದಗಳನ್ನು ಕೆಳಗಿಟ್ಟು ಮನಸಾರೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ. “ಒತ್ತಿದ ದಿನ ಇವನಿಗೆ ಗೊತ್ತಿರ್ಲಿಲ್ಲ, ಇವತ್ತು ಗೊತ್ತೈತೆ. ಇದಕ್ಕೂ ಸೊನ್ನೆ ಹಾಕಿದ್ರೆ ನಾವು ಯಾಕೆ ಪಾಠ ಮಾಡ್ಬೇಕು ಮೇಡಂ?” ಎಂದು ನನ್ನನ್ನು ಕೇಳಿದರು. ಮತ್ತೆ ಹುಡುಗಿಯ ಕಡೆ ತಿರುಗಿ ದನಿ ಬಿಗಿ ಮಾಡಿದರು: “ಇನ್ನೊಬ್ಬರ ಫೋನ್ ಮುಟ್ಟಿದ್ರೆ ಆಗ ಸೊನ್ನೇನೇ. ಬಾಯಲ್ಲಿ ಹೇಳ್ಕೊಡು, ಬೆರಳು ಅವರದೇ ಇರ್ಲಿ. ಅರ್ಥವಾಯ್ತಾ?”

“ಆಯ್ತು ಸಾರ್,” ಎಂದಳು. ವರಾಂಡಕ್ಕೆ ಹೋದ ಮೇಲೆ ಅವಳು ಅತ್ತಳೆಂದು ಆಮೇಲೆ ಕೇಳಿದೆ. ಆ ಸೆಮಿಸ್ಟರಿನ ಕೊನೆಯಲ್ಲಿ ಅವಳ ಹೆಸರಿನ ಮುಂದೆ ಆಂತರಿಕ ಅಂಕ ತುಂಬಿದವಳು ನಾನೇ. ಯಾವ ವಿನಾಯಿತಿಯ ಅಗತ್ಯವೂ ಬೀಳಲಿಲ್ಲ.

ಫೋನುಗಳು ತರಗತಿಯಲ್ಲೇ ಉಳಿದವು. ಹೇಳಿಕೊಡಬಹುದು, ಒತ್ತುವ ಬೆರಳು ಮಾತ್ರ ಅವರವರದೇ ಇರಬೇಕು ಎಂದು ಮೂರನೆಯ ನಿಯಮವನ್ನು ನಾನು ಆ ಭಾನುವಾರ ಮತ್ತೆ ಬರೆದೆ. ಮರುದಿನದಿಂದ ಹಾಜರಿಯನ್ನು ಬಾಯಿಬಿಟ್ಟು ಕೂಗತೊಡಗಿದೆ. ಹೆಸರು ಕರೆದು ಮುಖ ನೋಡುವ ಆ ಹತ್ತು ನಿಮಿಷ ಈಗ ನನಗೆ ನಷ್ಟವೆನಿಸುವುದಿಲ್ಲ. ವೈ-ಫೈ ಕಟ್ಟುಪಾಡನ್ನು ನಾಟಿ ಮುಗಿಯುವವರೆಗೆ ತೆಗೆದುಹಾಕಿದೆ. ಗದ್ದೆಗೆ ಹೋಗಲೇಬೇಕಾದವರು ಗೈರುಹಾಜರಿಯನ್ನು ಒಪ್ಪಿಕೊಂಡು, ದೀಪ ಹಚ್ಚುವ ಹೊತ್ತಿನೊಳಗೆ ಇದ್ದಲ್ಲಿಂದಲೇ ಉತ್ತರ ಒತ್ತಬಹುದು. ಜೊತೆಗೆ ಆ ಉತ್ತರ ಯಾಕೆ ಎಂದು ಒಂದು ಸಾಲು ಬರೆಯಬೇಕು. ಅಂಥ ಉತ್ತರಗಳಿಗೆ ಅಂಕವಿಲ್ಲ. ಆದರೂ ಅವು ಬರತೊಡಗಿದವು.

ಮೊದಲ ಸಂಜೆ ಪಾಂಡವಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಆ ಹುಡುಗನ ಉತ್ತರ ಬಂತು. ರಾಜ್ಯಪಾಲರನ್ನು ನೇಮಿಸುವವರು ಯಾರು ಎಂಬುದು ಪ್ರಶ್ನೆ. ಅವನು ‘ಮುಖ್ಯಮಂತ್ರಿ’ ಎಂಬುದನ್ನು ಒತ್ತಿದ್ದ. ಕೆಳಗೆ ಕಾರಣದ ಜಾಗದಲ್ಲಿ ಹೀಗೆ ಬರೆದಿದ್ದ: “ಕೈಯೆಲ್ಲಾ ಕೆಸರು ಮೇಡಂ, ಕಿರುಬೆರಳಲ್ಲಿ ಒತ್ತಿವ್ನಿ. ಯಾರನ್ನೂ ಕೇಳಿಲ್ಲ. ತಪ್ಪಿದ್ರೂ ನಂದೇ.”

ಉತ್ತರ ತಪ್ಪಾಗಿತ್ತು. ಬಸ್ಸು ಬಂತು, ಕಿಟಕಿಯ ಪಕ್ಕ ಕೂತು, ನಾಳೆಯ ಪಾಠವನ್ನು ಅವನ ತಪ್ಪಿನಿಂದಲೇ ಆರಂಭಿಸಬೇಕೆಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡೆ.